ಬೆವರಿದ ರೂಮು

ಎಲ್ಲ ರಗಳೆಗೂ ಕಾರಣ ಚಿಕ್ಕಮಾದುವಿನ ಕೈ ಉದ್ದವಿದ್ದದ್ದು.

ಪುಟ್ಟಬಸವಯ್ಯ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿಯ ನೌಕರ. ಮನೆ ಟಿ. ನರಸೀಪುರದಾಚೆ, ತಲಕಾಡಿನ ದಾರಿಯ ಹಳ್ಳಿಯಲ್ಲಿ. ಬೆಳಿಗ್ಗೆ ಬಂದು ಮಲಗೋಣವೆಂದರೆ ಇದ್ದ ಒಂದೇ ರೂಮನ್ನು ಅವನ ಅವ್ವ ಚನ್ನಾಜಮ್ಮನ ರೇಷ್ಮೆ ಹುಳುಗಳು ಹಿಡಿದುಕೊಂಡಿದ್ದವು. ಮನೆ ಯಜಮಾನ ಜಗುಲಿಯಲ್ಲಿ ಕೋಳಿಗಳ ನಡುವೆ ಬಿದ್ದುಕೊಳ್ಳಬೇಕು. ದಾರಿಹೋಕರೆಲ್ಲ ಅವನನ್ನು ಅಲುಗಾಡಿಸಿ, "ನಿದ್ದೆ ಬತ್ತಾ ಬಸಣ್ಣ?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು.

ಈ ಸಲ ಹುಳು ಗೂಡು ಕಟ್ಟಿ ರೂಮು ಖಾಲಿಯಾದದ್ದೇ ತಡ, ಅವನು ಕಾರ್ಖಾನೆಯಲ್ಲಿ ಕಿತ್ತು ಹಾಕಿದ್ದ ಜಿಪ್ಸಮ್ ಬೋರ್ಡುಗಳನ್ನು ಟೆಂಪೋದಲ್ಲಿ ಹೇರಿಕೊಂಡು ಬಂದ. ಬೋರ್ಡಿನ ಬೆನ್ನಿಗೆ ಥರ್ಮಾಕೋಲು ಅಂಟಿಸಿತ್ತು. ಗೋಡೆಗೂ ಚಾವಣಿಯ ಶೀಟಿನ ಕೆಳಗೂ ಬಡಿದರೆ ಚಳಿಯೂ ಇಲ್ಲ, ಸೆಕೆಯೂ ಇಲ್ಲ.

ಚನ್ನಾಜಮ್ಮ ಒಪ್ಪಿದಳು, ಆದರೆ ಷರತ್ತು ಹಾಕಿ. "ಭಾನ್ವಾರ ಆಲು ಉಕ್ಕಿಸ್ತೀನಿ. ಎಲ್ಲಾ ಸರ್ಯಾಗಿದ್ರೆ ರೂಮು ನಿಂದು. ಏನಾರ ಎಡವಟ್ಟಾಯ್ತೋ, ಬೋರ್ಡು ಕಿತ್ತಾಕು, ಉಳ ಇಕ್ತೀನಿ."

ಭಾನುವಾರ ನಸುಕಿಗೆ ಒಂದೇ ಒಂದು ಮೂಲೆ ಬಾಕಿ. ಪಕ್ಕದ ಮನೆಯ ಚಿಕ್ಕಮಾದು ಕರೆಯದೆಯೇ ಸಹಾಯಕ್ಕೆ ಬಂದ. ಅಳತೆ ಟೇಪು ಹುಡುಕುತ್ತಿದ್ದವನಿಗೆ, "ಟೇಪ್ಯಾಕೆ ಬಸಣ್ಣ, ದೇವ್ರು ಮೊಳ ಕೊಟ್ಟಿಲ್ವಾ?" ಎಂದು ಗೋಡೆಗೆ ತನ್ನ ಕೈ ಹಚ್ಚಿ, "ಮೂರು ಮೊಳ!" ಎಂದು ಕೂಗಿದ. ಪುಟ್ಟಬಸವಯ್ಯ ಅಂಗಳದಲ್ಲಿ ತನ್ನ ಕೈಯಿಂದ ಮೂರು ಮೊಳ ಅಳೆದ. ಬ್ಲೇಡಿನಲ್ಲಿ ಬೋರ್ಡಿನ ಕಾಗದ ಗೀರಿ, ಮಂಡಿಗೆ ಕೊಟ್ಟು ಲಟಕ್ಕನೆ ಮುರಿದು, ಹಿಂದಿನ ಥರ್ಮಾಕೋಲನ್ನು ಬೆಣ್ಣೆಯಂತೆ ಕೊಯ್ದ. ಮೂಲೆಗೆ ಹಿಡಿದು ನೋಡಿದರೆ ಬೋರ್ಡು ಉದ್ದನೆಯವನು ಉಟ್ಟ ಗಿಡ್ಡನ ಪಂಚೆಯ ಹಾಗೆ ನಾಲ್ಕು ಬೆರಳು ಮೇಲೇ ನಿಂತಿತು.

"ನಿನ್ ಮೊಳನೇ ಮೋಸ ಕಣಣ್ಣ," ಎಂದ ಚಿಕ್ಕಮಾದು, ತನ್ನ ಉದ್ದ ಕೈಗಳನ್ನು ಬೆನ್ನಹಿಂದೆ ಕಟ್ಟಿಕೊಂಡು.

ಸಂದು ಬಿಟ್ಟರೆ ಹಬೆ ಬೋರ್ಡಿನ ಹಿಂದಕ್ಕೆ ನುಗ್ಗಿ, ತಣ್ಣನೆಯ ಗೋಡೆಗೆ ತಾಕಿ ನೀರಾಗುತ್ತದೆ ಎಂದು ಕಾರ್ಖಾನೆಯಲ್ಲಿ ಹೇಳಿದ್ದರು. "ಅವ್ವ, ಇದೊಂದು ಮುಚ್ಚೋಗಂಟ ತಡಿ," ಎಂದು ಪುಟ್ಟಬಸವಯ್ಯ ಗೋಗರೆದ.

"ಗಳಿಗೆ ಮೀರೋಯ್ತದೆ, ಸುಮ್ಕಿರ್ಲಾ!"

ಬೀದಿಯ ಹೆಂಗಸರೆಲ್ಲ ಒಳಗೆ ತುಂಬಿದರು. ಸ್ಟವ್ ಆರಬಾರದೆಂದು ಬಾಗಿಲೂ ಕಿಟಕಿಯೂ ಬಂದ್. ಹಾಲಿಗೆ ಉಕ್ಕುವ ಮನಸ್ಸೇ ಇರಲಿಲ್ಲ.

"ಡೈರಿಗೆ ಅಳೆಯೋ ಆಲೇ ತಂದ್ಬುಟ್ಯೇನೋ ಚನ್ನಾಜಕ್ಕ," ಎಂದಳು ಎದುರುಮನೆ ಮಂಗಳಮ್ಮ.

ಬೆರೆಸಿದ್ದ ನೀರೆಲ್ಲ ಹಬೆಯಾಗಿ ಹೋಗುವವರೆಗೆ ಹಾಲು ಕುದಿದೇ ಕುದಿಯಿತು. ಮಾಗಿಯ ಚಳಿಗೆ ಮರಗಟ್ಟಿದ್ದ ಆ ಮೂಲೆಯ ಬರಿ ಗೋಡೆ ಮೊದಲು ಮಿನುಗಿತು, ಆಮೇಲೆ ಬೆವರಿತು, ಕೊನೆಗೆ ಧಾರೆಯಾಗಿ ಇಳಿಯಿತು. ಮಂಗಳಮ್ಮನ ಕಾಲಬಳಿ ಮಡು ನಿಂತಿತು.

"ಬೋರ್ಡು ಕೀಳು," ಎಂದಳು ಚನ್ನಾಜಮ್ಮ.

"ಸಂಜೆಗಂಟ ಬುಡವ್ವ! ಒಣಗ್ಲಿಲ್ಲ ಅಂದ್ರೆ ನಾನೇ ಕೀಳ್ತೀನಿ."

ನಿದ್ದೆಗೆಟ್ಟವನ ಹಠ ಅದು. ದಾರ ಹಿಡಿದು ಅಳೆದು ಪಟ್ಟಿ ಕೊಯ್ದ, ಸಂದಿಗೆ ಗಿಡಿದ, ಕೂಡುಗಳಿಗೆಲ್ಲ ಟೇಪು ಅಂಟಿಸಿದ. ಹಬೆ ಹೊರಗೆ ಹೋಗಲೆಂದು ಗೋಡೆಯ ಮೇಲ್ಗಡೆ ಎರಡು ಕಿಂಡಿ ಕೊರೆದು ಹಲಗೆಯ ಬಾಗಿಲಿಟ್ಟ. ಹೆಂಡತಿ ಮಂಗಳಗೌರಿ ಊಟಕ್ಕೆ ಕರೆದರೆ, "ರೂಮು ಉಳುಸ್ಕೋತಾ ಇವ್ನಿ ಕಣೆ!" ಎಂದು ಏಣಿಯ ಮೇಲಿಂದಲೇ ಗದರಿದ.

ಸಂಜೆ ಬೀದಿಯೇ ತಮಾಷೆ ನೋಡಲು ನೆರೆಯಿತು. ಪುಟ್ಟಬಸವಯ್ಯ ಹಂಡೆ ನೀರು ಕುದಿಸಿ ಒಳಗಿಟ್ಟು ಹಲಗೆ ಮುಚ್ಚಿದ. ಸ್ವಲ್ಪ ಹೊತ್ತಿಗೆ ರೂಮು ಬೆಚ್ಚಗೆ, ತೇವತೇವ. ಗೋಡೆಯಲ್ಲಿ ಒಂದು ಹನಿಯಿಲ್ಲ! ಹಂಡೆ ಎತ್ತಿ ಹಲಗೆ ತೆಗೆದ. ಹಬೆಯೆಲ್ಲ ಹೊರಟುಹೋಗಿ ರೂಮು ಗರಿಗರಿಯಾಯಿತು.

"ನೋಡವ್ವ! ಬೇಕು ಅಂದ್ರೆ ತೇವ, ಬ್ಯಾಡ ಅಂದ್ರೆ ಒಣ. ಚಳಿ ಒಳಕ್ಕೆ ಬರಾಕಿಲ್ಲ!"

ಚನ್ನಾಜಮ್ಮ ಗೋಡೆ ಸವರಿದಳು. ಹಲಗೆ ಮುಚ್ಚಿ ನೋಡಿದಳು, ತೆಗೆದು ನೋಡಿದಳು. ಕಣ್ಣು ತುಂಬಿ ಬಂತು.

"ಅಯ್ಯೋ ನನ್ ಕಂದ! ಎಳೇ ಉಳಕ್ಕೆ ಬಿಸಿ ಬೇಕು, ತೇವ ಬೇಕು. ಪೊರೆ ಬುಡೋವಾಗ ಒಣ ಗಾಳಿ ಬೇಕು. ಈ ಚಳೀಲಿ ಅದ ಒದಗ್ಸೋಕೆ ಆಗ್ದೆ ಊರೇ ಒದ್ದಾಡ್ತದೆ. ನೀನು ರೂಮಲ್ಲೇ ಮಾಡಿಟ್ಟಿದ್ದೀಯಲ್ಲಾ!"

"ಅವ್ವ, ನೀ ಕೊಟ್ಟ ಮಾತು?"

"ತಪ್ಪಾಕಿಲ್ಲ ಕಣ್ಮಗ. ರೂಮು ನಿಂದೇ. ಉಳನೂ ನೀನೇ ನೋಡ್ಕೊ. ಆ ಹಲಗೆ ಮರ್ಮ ನಮ್ಗೇನು ಗೊತ್ತು?"

ಅಷ್ಟರಲ್ಲಿ ಚಿಕ್ಕಮಾದು ಮುಂದೆ ನುಗ್ಗಿದ. "ಬಸಣ್ಣ, ನಮ್ ರೇಸ್ಮೆ ಮೊಟ್ಟೆನೂ ಇಲ್ಲೇ ಮರಿ ಮಾಡಿಸ್ಕೊಡಪ್ಪ." ಅವನ ಹಿಂದೆ ಮಂಗಳಮ್ಮ, ಅವಳ ಹಿಂದೆ ಇಡೀ ಬೀದಿ.

"ಪಾಳಿ ರಾತ್ರಿದಾಗಿದ್ದು ಒಳ್ಳೇದಾಯ್ತು," ಎಂದಳು ಹೆಂಡತಿ ಮಂಗಳಗೌರಿ. "ಹಗಲೆಲ್ಲ ಬಿಡುವಾಗೇ ಇರ್ತೀರಲ್ಲ."

ಪುಟ್ಟಬಸವಯ್ಯ ಹೊಸ ಗೋಡೆಗೊರಗಿ ಕುಸಿದು ಕೂತ. ಬೆಚ್ಚನೆಯ ರೂಮು, ಇಡೀ ದಿನದ ದಣಿವು. ಕಣ್ಣು ತಾನಾಗಿ ಎಳೆಯಿತು.

"ಲೇ ಬಸ," ಚನ್ನಾಜಮ್ಮ ಮೆಲ್ಲಗೆ ಮೊಣಕೈಯಿಂದ ತಿವಿದಳು, "ಇದ್ರೊಳಗೆ ಗೊರಕೆ ಗಿರಕೆ ಒಡೆದೀಯ, ಉಳ ಬೆಚ್ಚಿಬಿದ್ದಾವು!"