ಷಡ್ಡಕನ ಗಲ್ಲ

ಅಂದಾನಪ್ಪನಿಗೆ ಕಾಯಿಲೆ ಬಂದದ್ದು ದೊಡ್ಡ ತೊಂದರೆಯಾಗಿರಲಿಲ್ಲ. ಅದು ಬಂದ ಜಾಗ ತೊಂದರೆಯಾಗಿತ್ತು. ಷಡ್ಡಕ ಚಂದ್ರಶೇಖರಪ್ಪನ ಮಗನ ಜವಳಕ್ಕೆಂದು ಶಿರಸಿಗೆ ಹೋದಾಗ ಅಲ್ಲಿನ ಹುಡುಗರಿಂದ ಷಡ್ಡಕರಿಬ್ಬರಿಗೂ ಮಂಗನಬಾವು ಅಂಟಿತು. ಚಂದ್ರಶೇಖರಪ್ಪನಿಗೆ ಅದು ನಾಲ್ಕು ಜನ ನೋಡುವ ಹಾಗೆ ಗಲ್ಲಕ್ಕೆ ಬಂತು. ಅಂದಾನಪ್ಪನಲ್ಲಿ ಅದು ಗಲ್ಲದ ಗೊಡವೆಗೇ ಹೋಗದೆ ನೇರವಾಗಿ ಕೆಳಗಿಳಿದು ಬೀಜಕ್ಕೆ ಕೂತಿತು.

ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕು ವರ್ಷವಾಗಿದ್ದರೂ ಸಿದ್ದಾಪುರದ ಡಾಕ್ಟರಿಗೆ ಇನ್ನೂ ಮುಂಬಯಿ ಗತ್ತೇ ಇತ್ತು. "ಜ್ವರ ಬಿಟ್ಟಿದೆ, ಬಾವು ಇಳೀತಾ ಉಂಟು. ಮುಂದೆ ಮಕ್ಕಳಾಗಲಿಕ್ಕೆ ಎಂತ ತೊಂದರೆಯೂ ಇಲ್ಲ. ಆದ್ರೆ ಇನ್ನೊಂದು ತಿಂಗಳು ಲಂಗೋಟಿ ಬಿಗಿಯಾಗಿ ಕಟ್ಟಬೇಕು. ಭಾರ ಎತ್ತೂದು ಬೇಡ, ಸೈಕಲ್ ಹತ್ತೂದು ಬೇಡ" ಎಂದರು.

"ನನ್ನ ಹತ್ರ ಸೈಕಲ್ ಇಲ್ರಿ ಸಾಹೇಬ್ರ" ಎಂದು ಅಂದಾನಪ್ಪ ದುಃಖದಿಂದ ಹೇಳಿದ.

"ಒಳ್ಳೇದೇ ಆಯ್ತು."

ಅಂದಾನಪ್ಪನ ಹೊಟ್ಟೆಯೊಳಗಿನ ಉರಿಗೆ ಡಾಕ್ಟರ ಬಳಿ ಔಷಧವಿರಲಿಲ್ಲ. ಗಲ್ಲ ಬಾತ ಷಡ್ಡಕನನ್ನು ನೋಡಲು ಬನವಾಸಿಯಿಂದ ಅತ್ತೆ ಎರಡು ಸಲ ಬಂದು ಹೋಗಿದ್ದಳು. ಮೂಸಂಬಿ, ಬೆಣ್ಣೆ, ಉಣ್ಣೆಯ ಮಫ್ಲರು ಎಲ್ಲ ಶಿರಸಿಗೇ ಹೋದವು. ಈ ಕಡೆ ಅಂದಾನಪ್ಪ ಗೋಡೆಗೆ ಮುಖ ಮಾಡಿ ಮಲಗಿ, ಇದೇ ಕಾಯಿಲೆಯನ್ನು ಇದಕ್ಕಿಂತ ಹೆಚ್ಚು ನೋವಿನಿಂದ, ಒಂದು ಹಣ್ಣೂ ಇಲ್ಲದೆ ಅನುಭವಿಸಿದ್ದ. ಮದುವೆಯಾಗಿ ಎರಡು ವರ್ಷವಾದರೂ ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ಹೀಗಿರುವಾಗ ಇಂಥ ಸುದ್ದಿ ಹೊರಗೆ ಬಿದ್ದರೆ ಜನ ಏನೇನು ಕಟ್ಟುತ್ತಾರೋ ಎಂಬ ಭಯ ಬೇರೆ.

ಅಷ್ಟರಲ್ಲಿ ಮಾವ ವೀರಪ್ಪನಿಂದ ಕರೆ ಬಂತು. ಮೊಣಕಾಲು ನೋವಿನಿಂದ ಮಾವನಿಗೆ ಇನ್ನು ಸೈಕಲ್ ತುಳಿಯುವುದು ಆಗದಂತೆ. ಭಾನುವಾರ ಅಳಿಯಂದಿರಿಬ್ಬರೂ ಬಂದರೆ ಅದನ್ನು ಒಬ್ಬರಿಗೆ ಕೊಡುವ ವಿಚಾರವಂತೆ. ದೊಡ್ಡ ದೀಪದ, ಹಸಿರು ಬಣ್ಣದ ಆ ಸೈಕಲ್ಲನ್ನು ಅಂದಾನಪ್ಪ ಮದುವೆಯ ದಿನವೇ ಕಣ್ಣಿಟ್ಟು ನೋಡಿದ್ದ. ಹಳ್ಳಿಯ ಮನೆಯಿಂದ ಸಿದ್ದಾಪುರದ ಅಡಿಕೆ ವಖಾರಿಗೆ ದಿನಾ ನಡೆಯುವ ಗುಮಾಸ್ತ ಅವನು. ಕಾಯಿಲೆ ಒಂದು ತಿಂಗಳದ್ದು, ಸೈಕಲ್ ಜನ್ಮಕ್ಕಾಗುವಂಥದ್ದು ಎಂದು ಹೊರಟೇಬಿಟ್ಟ.

"ಏನಾದ್ರೂ ಆಗ್ಲಿ, ನಿಮ್ಮವ್ವನ ಮುಂದ ಹೇಳಬ್ಯಾಡ" ಎಂದು ಹೆಂಡತಿ ನೀಲಗಂಗವ್ವನಿಗೆ ತಾಕೀತು ಮಾಡಿದ. "ನಿಮ್ಮವ್ವಗ ಗೊತ್ತಾದ್ರ ನಿಮ್ಮಕ್ಕಗ ಗೊತ್ತಾಗತೈತಿ. ನಿಮ್ಮಕ್ಕಗ ಗೊತ್ತಾದ್ರ ಅಂವಗ ಗೊತ್ತಾಗತೈತಿ."

"ಹಂಗಾರ ನೀವು ಹಿಂಗ್ಯಾಕ ನಡೀತೀರಿ ಅಂತ ಕೇಳಿದ್ರ ಏನ್ ಹೇಳ್ಲಿ?"

"ಸೊಂಟ ಉಳುಕೇತಿ ಅನ್ನು."

ಬನವಾಸಿಯ ಮನೆ ಮುಟ್ಟಿದಾಗ ಚಂದ್ರಶೇಖರಪ್ಪ ಪಡಸಾಲೆಯಲ್ಲಿ ಗಾದಿಯ ಮೇಲೆ ಒರಗಿದ್ದ. ಗಲ್ಲದ ಬಾವು ಇಳಿದು ಎಷ್ಟೋ ದಿನವಾಗಿದ್ದರೂ ಮಫ್ಲರು ಇಳಿದಿರಲಿಲ್ಲ. ಅತ್ತೆ ಪಾರ್ವತವ್ವ ಅವನಿಗೆ ಬಟ್ಟಲು ತುಂಬ ತುಪ್ಪದ ಸಜ್ಜಕ ಕೊಟ್ಟು, ಅಂದಾನಪ್ಪನ ಕಡೆ ತಿರುಗಿದಳು.

"ನೀವು ಬಂದದ್ದು ಚೊಲೋ ಆತ್ರಿ. ಅವರಿಗೆ ಮೈಯಾಗ ಆರಾಮಿಲ್ಲ. ಅಟ್ಟದ ಮ್ಯಾಲಿಂದ ಅಕ್ಕಿ ಚೀಲ ಒಂದು ಇಳಿಸಿಕೊಡ್ರಿ."

"ಅವ್ವಾ, ಇವರಿಗೆ ಸೊಂಟ ಉಳುಕೇತಿ" ಎಂದಳು ನೀಲಗಂಗವ್ವ.

ಪಕ್ಕದ ಮನೆಯ ಮುರಿಗೆವ್ವ ಷಡ್ಡಕನ ಗಲ್ಲ ನೋಡಲು ಬಂದು ಕೂತಿದ್ದಳು. ಊರಿನ ಯಾವ ನೋವೂ ಅವಳ ಕೈ ತಪ್ಪಿಸಿಕೊಂಡು ಹೋಗುವಂತಿರಲಿಲ್ಲ. "ಉಳುಕಿಗೆ ಔಷಧ ಯಾಕ ಬೇಕ ನಮ್ಮವ್ವಾ? ಹುಟ್ಟೂವಾಗ ಕಾಲು ಮುಂದಾಗಿ ಬಂದವ್ರ ಕಡಿಂದ ಮೂರು ಸಲ ಒದಿಸಿಕೊಂಡ್ರ ಅಲ್ಲೇ ಬಿಡತೈತಿ. ಅಂಥವ್ರು ಯಾರದಾರ ನೋಡ್ರಿ."

ಅಂಥವರು ಯಾರೂ ಇರದಿರಲಿ ಎಂದು ಅಂದಾನಪ್ಪ ಶಿವನನ್ನು ನೆನೆದ.

"ನಮ್ಮ ಮನಿಯವ್ರ ಅದಾರಲ್ಲ" ಎಂದಳು ಚಂದ್ರಶೇಖರಪ್ಪನ ಹೆಂಡತಿ ಸಿದ್ದವ್ವ, ಎದೆಯುಬ್ಬಿಸಿ.

"ಹೌದ್ರಿ, ನಮ್ಮ ಓಣಿಯವ್ರೆಲ್ಲ ನನ್ನ ಕಡೆನ ಬರ್ತಾರ" ಎಂದು ಚಂದ್ರಶೇಖರಪ್ಪ ಬಟ್ಟಲು ಕೆಳಗಿಟ್ಟ.

ಹುಟ್ಟುವಾಗಲೂ ಈ ಮನುಷ್ಯ ಎಲ್ಲರ ಹಾಗೆ ಹುಟ್ಟಲಿಲ್ಲವಲ್ಲ ಎಂದುಕೊಂಡ ಅಂದಾನಪ್ಪ. ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಮುರಿಗೆವ್ವ ಅವನನ್ನು ಹೊಸ್ತಿಲ ಬಳಿ ಬೋರಲು ಮಲಗಿಸಿದ್ದಳು. ಬೋರಲು ಮಲಗುವುದೇ ಅವನಿಗೆ ಅರ್ಧ ಸಾವಾಗಿತ್ತು. ಅದರ ಮೇಲೆ ಷಡ್ಡಕನ ಹಿಮ್ಮಡಿ ಬಂದು ಬಿತ್ತು. ಹೊಡೆತ ಬಿದ್ದದ್ದು ಸೊಂಟಕ್ಕೆ. ಅದು ಹೋಗಿ ಮುಟ್ಟಿದ ಜಾಗವೇ ಬೇರೆ. ನೀಲಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹೆಂಗೈತ್ರಿ?" ಎಂದ ಚಂದ್ರಶೇಖರಪ್ಪ.

ಅಂದಾನಪ್ಪ ಎರಡೂ ಕೈಯಿಂದ ಹೊಸ್ತಿಲು ಹಿಡಿದುಕೊಂಡ. ಸೊಂಟ ಇನ್ನೂ ಹಿಡಿದಿದೆಯೆಂದು ತಿಳಿದು ಷಡ್ಡಕ ಇನ್ನೊಂದು ಒದ್ದ, ಈ ಸಲ ಸ್ವಲ್ಪ ಮನಸ್ಸಿಟ್ಟು. ಮೂರನೆಯದಕ್ಕೆ ಕಾಲೆತ್ತುವಷ್ಟರಲ್ಲಿ ಅಂದಾನಪ್ಪ ಬಾಣಲೆಯ ಪೂರಿಯ ಹಾಗೆ ಮೇಲೆದ್ದ.

"ಹೋತ್ರಿ. ಪೂರಾ ಹೋತು."

"ಖರೇನ ಹೋಗಿದ್ರ ಬಗ್ಗಿ ತೋರ್ಸು ತಮ್ಮಾ" ಎಂದಳು ಮುರಿಗೆವ್ವ.

ಮೂರನೆಯ ಒದೆತಕ್ಕಿಂತ ಅದೇ ವಾಸಿಯೆಂದು ಬಗ್ಗಿದ. ಅದೂ ಸಾಲದೆ, ಯಾರಿಗೂ ಅನುಮಾನ ಉಳಿಯದಿರಲೆಂದು ಅಟ್ಟ ಹತ್ತಿ ಅಕ್ಕಿ ಚೀಲವನ್ನೂ ಇಳಿಸಿದ. ಇಳಿಸುವಾಗ ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ನೋಡ್ರಿ, ನೋವು ಬಿಟ್ಟ ಸಂತೋಷಕ್ಕ ಕಣ್ಣಾಗ ನೀರು ಬಂತು" ಎಂದಳು ಮುರಿಗೆವ್ವ.

ಊಟವಾದ ಮೇಲೆ ವೀರಪ್ಪ ಎಲೆಯಡಿಕೆ ಹಾಕಿಕೊಂಡು ಅಳಿಯಂದಿರನ್ನು ಎದುರಿಗೆ ಕೂರಿಸಿಕೊಂಡ. ಅಂದಾನಪ್ಪ ನಿಂತೇ ಇದ್ದ.

"ಇದ್ದದ್ದು ಹೇಳ್ತೀನಿ. ಸೈಕಲ್ ಅಂದಾನಪ್ಪನವರಿಗೆ ಅಂತ ಮಾಡಿದ್ದೆ. ಮುಂಜಾನೆ ಅವರು ಬಸ್ ಇಳಿದು ಕಾಲು ಕಿತ್ತಿಡೂದು ನೋಡಿ ನನಗ ಕೆಟ್ಟ ಅನಿಸ್ತು. ಸೊಂಟ ಹಿಡಿದವ್ರು ದಿನಾ ವಖಾರಿಗೆ ಹೆಂಗ ನಡೀಬೇಕು ಪಾಪ. ಈಗ ಶಿವನ ದಯಾ, ಸೊಂಟ ನೆಟ್ಟಗಾತು, ಚೀಲಾನೂ ಎತ್ತಿದ್ರು. ಇನ್ನ ನಡಿಯಾಕ ಏನ್ ಧಾಡಿ? ಸೈಕಲ್ ಚಂದ್ರಶೇಖರಪ್ಪನವ್ರು ಇಟ್ಕೊಳ್ಳಿ. ಗುಣಾ ಮಾಡಿದವ್ರೂ ಅವರ ಅಲ್ಲ."

ಅಂದಾನಪ್ಪ ಹೆಂಡತಿಯ ಮುಖ ನೋಡಿದ. ಅವಳು ಅಕ್ಕನ ಮುಖ ನೋಡುತ್ತಿದ್ದಳು. ಗಂಡಹೆಂಡಿರಿಬ್ಬರ ಹೊಟ್ಟೆಯಲ್ಲೂ ಆಗ ಒಂದೇ ಬೆಂಕಿ ಇತ್ತು.

"ಆದ್ರ ಅವರು ಈಗ ಸೈಕಲ್ ತುಳದ್ರ ಗಾಳಿ ಬಡದು ಗಲ್ಲ ಮತ್ತ ಬಾತೀತು" ಎಂದು ಬಾಗಿಲ ಮರೆಯಿಂದ ಪಾರ್ವತವ್ವ ಹೇಳಿದಳು. "ಅವರೂ ನಮ್ಮ ಹುಡಿಗ್ಯಾರಿಬ್ರೂ ಬಸ್ಸಿನಾಗ ಹೋಗ್ಲಿ. ಹೆಂಗೂ ಅಂದಾನಪ್ಪನವ್ರ ದಾರ್ಯಾಗ ಶಿರಸಿ ಬರತೈತಿ. ಸೈಕಲ್ ಹತ್ತಿಕೊಂಡು ಹೋಗಿ ಅವರ ಮನಿಗೆ ಮುಟ್ಟಿಸ್ತಾರ."

ಇಲ್ಲವೆನ್ನಲು ಅಂದಾನಪ್ಪನ ಬಳಿ ಉಳಿದಿದ್ದದ್ದು ಒಂದು ಸೊಂಟನೋವು. ಅದು ಹೋಯಿತೆಂದು ತನ್ನ ಬಾಯಿಂದಲೇ ಹೇಳಿಯಾಗಿತ್ತು.

ಊರು ದಾಟಿದ ಮೇಲೆ ಹತ್ತುತ್ತೇನೆಂದು ಸೈಕಲ್ ನೂಕಿಕೊಂಡು ಹೊರಟ. ಊರು ದಾಟಿತು, ಕೆರೆ ದಾಟಿತು, ಅವನು ನೂಕುತ್ತಲೇ ಇದ್ದ. ಹಿಂದಿನಿಂದ ಬಂದ ಶಿರಸಿ ಬಸ್ಸು ಯಾರನ್ನೋ ಹತ್ತಿಸಿಕೊಳ್ಳಲು ಪಕ್ಕದಲ್ಲೇ ನಿಂತಿತು. ಕಿಟಕಿಯಲ್ಲಿ ಚಂದ್ರಶೇಖರಪ್ಪನ ಗಲ್ಲ ಕಾಣಿಸಿತು. ಸೆಖೆಗೆ ಮಫ್ಲರು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದ.

"ಯಾಕ್ರಿ, ಪಂಕ್ಚರ್ ಆತೇನು?"

"ಇಲ್ರಿ. ಸೊಂಟ ನೆಟ್ಟಗಾಗೇತಲ್ಲ, ನಡೀಬೇಕನಸ್ತು."

"ಚೊಲೋ ಆತು ಬಿಡ್ರಿ. ಸಾವಕಾಶ ಬರ್ರಿ, ಟಯರ್ ಸವೆಯೂದಿಲ್ಲ."

ಬಸ್ಸು ಹೊರಟಿತು. ಧೂಳಿನಲ್ಲಿ ನಿಂತ ಅಂದಾನಪ್ಪನಿಗೆ ಸೈಕಲ್ಲಿನ ಮೇಲಿನ ಆಸೆ ಆಗಲೇ ಹೋಗಿತ್ತು. ಈಗ ಅವನಿಗೆ ಹೊಟ್ಟೆಕಿಚ್ಚಾಗಿದ್ದದ್ದು ಆ ಗಲ್ಲವೊಂದರ ಮೇಲೆ ಮಾತ್ರ. ಎದುರಿಗೆ ಎತ್ತಿನ ಗಾಡಿಯೊಂದು ಬಂತು. ದಾರಿ ಬಿಡಲೆಂದು ಅವನು ಸೈಕಲ್ಲಿನ ಗಂಟೆ ಬಾರಿಸಿದ. ಆ ಸೈಕಲ್ಲಿನಿಂದ ಅವನಿಗೆ ಸಿಕ್ಕ ಸುಖ ಅಷ್ಟೇ.