ಎತ್ತಿ ಕುಡಿಯುವ ಅಕ್ಕ

ನನ್ನ ಅಕ್ಕ ಎಂಬತ್ತೊಂದು ವರ್ಷ ಒಂದೇ ಒಂದು ಲೋಟಕ್ಕೂ ತುಟಿ ತಾಗಿಸದೆ ಬದುಕಿದವಳು! ನಂಬುವುದಿಲ್ಲವೇ? ಬೇಡ ಬಿಡಿ. ನನ್ನನ್ನು ನಂಬಿ ಕೆಟ್ಟವರ ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ. ಆದರೂ ಹೇಳುತ್ತೇನೆ, ಕೊನೆಯವರೆಗೂ ನಂಬದೆ ಇರಿ, ನೋಡೋಣ.

ಲೋಟವನ್ನು ಗೇಣುದ್ದ ಮೇಲೆತ್ತಿ, ಕತ್ತು ಹಿಂದಕ್ಕೆ ಚೆಲ್ಲಿ, ಹೊಗೆಯಾಡುವ ಕಾಫಿಯನ್ನು ಸೀದಾ ಗಂಟಲಿಗೆ ಸುರಿದುಕೊಳ್ಳುವಳು. ಸೀರೆಯ ಮೇಲೆ ಒಂದು ತೊಟ್ಟು ಬಿದ್ದದ್ದಿಲ್ಲ. ಒಮ್ಮೆ ಓಡುವ ಲೋಕಲ್ ರೈಲಿನಲ್ಲಿ ಹಾಗೆ ಕುಡಿದಾಗ, ಎದುರಿಗಿದ್ದವರು ಇಳಿಯುವ ಸ್ಟೇಷನ್ನನ್ನೇ ಮರೆತರು! ಕಚ್ಚಿ ಕುಡಿದರೆ ಎಂಜಲು ಎನ್ನುವುದು ಅವಳ ಸಿದ್ಧಾಂತ. ನಾನು ಸುಮ್ಮನೆ, “ಅಕ್ಕಾ, ನಿನ್ನ ಲೋಟ ಕಚ್ಚಿಬಿಟ್ಟೆ” ಎಂದರೆ ಸಾಕು. ಲೋಟಕ್ಕೆ ಹುಣಸೆಹಣ್ಣು, ನನಗೆ ಸಹಸ್ರನಾಮ. ಎಪ್ಪತ್ತಾರನೆಯ ವಯಸ್ಸಿನಲ್ಲಿ ದಿನಾ ಬೈಯುವವರಿರುವ ಭಾಗ್ಯ ಎಷ್ಟು ಜನಕ್ಕಿದೆ, ಹೇಳಿ?

ಕಳೆದ ವರ್ಷ ಅಕ್ಕನಿಗೆ ಸ್ಟ್ರೋಕ್ ಆಯಿತು. ಬಲಗೈ ಬಿತ್ತು, ಮಾತು ನಿಂತಿತು. ಚೆನ್ನೈನ ವೇಲಚೇರಿಯ ಅವಳ ಫ್ಲ್ಯಾಟಿನಲ್ಲಿ ಫ್ಯಾನಿಗೂ ಸದ್ದಿದೆ ಎಂದು ನನಗೆ ಗೊತ್ತಾದದ್ದೇ ಆಗ. ಇನ್ನೊಂದು ಸಲ ಅವಳಿಂದ ಬೈಸಿಕೊಳ್ಳಬೇಕು. ನನಗೆ ಬೇರೇನೂ ಬೇಡವಾಗಿತ್ತು.

ಕಾಲೇಜಿನಲ್ಲಿ ಸ್ಪೀಚ್ ಥೆರಪಿ ಕಲಿಸುವ ಮೇಡಂ ಒಬ್ಬರು ಬುಧವಾರ ಬುಧವಾರ ತಮ್ಮ ನಾಲ್ವರು ವಿದ್ಯಾರ್ಥಿನಿಯರನ್ನು ಅಕ್ಕನ ಹತ್ತಿರ ಕರೆತರತೊಡಗಿದರು. ಮೇಡಂ ಮೈಸೂರಿನ ಕಡೆಯವರು.

“ಕಾಲೇಜಲ್ಲಿ ಇವರು ಒಬ್ಬರ ಮೇಲೊಬ್ಬರು ಪ್ರಾಕ್ಟೀಸ್ ಮಾಡ್ತಾರೆ ಸಾರ್. ಇಪ್ಪತ್ತರ ಗಂಟಲೇ ಬೇರೆ, ಎಂಬತ್ತರ ಗಂಟಲೇ ಬೇರೆ. ವಯಸ್ಸಾದವರ ಹತ್ರ ಕೂತೇ ಕಲೀಬೇಕು.”

“ಹಾಗಾದ್ರೆ ಮೊದಲು ನನ್ನ ಮೇಲೆ ಕಲೀಲಿ,” ಎಂದೆ.

ನನ್ನಂಥ ರೋಗಿ ಅವರಿಗೆ ಎಲ್ಲಿ ಸಿಗಬೇಕು! ಬಾಯಿ ಸೊಟ್ಟ ಮಾಡಿದೆ, ತೊದಲಿದೆ, ನೀರು ಕೊಟ್ಟಾಗ ಕಣ್ಣು ಮೇಲೆ ಸಿಕ್ಕಿಸಿಕೊಂಡು ಕೆಮ್ಮಿದೆ. ಕಯಲ್ ಎಂಬ ಹುಡುಗಿ “ಅಯ್ಯೋ ತಾತಾ!” ಎನ್ನುತ್ತ ಅಳುವುದಕ್ಕೇ ಶುರುಮಾಡಿದಳು. ನಾನು ಕಣ್ಣು ಹೊಡೆದೆ. ಬೆನ್ನಿಗೆರಡು ಗುದ್ದು ಬಿತ್ತು. ಅದು ಚಿಕಿತ್ಸೆಯ ಭಾಗವಲ್ಲ ಎಂದು ಮೇಡಂ ಆಮೇಲೆ ವಿವರಿಸಿದರು.

ಅಕ್ಕನ ಸರದಿ ಬಂತು. “ಮೊದಲು ಅಮ್ಮ ಸರಿಯಾಗಿ ನುಂಗಲಿ. ಮಾತು ಆಮೇಲೆ,” ಎಂದರು ಮೇಡಂ. ತೆಳ್ಳಗಿನ ಕಾಫಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋದೀತೆಂದು, ಕಯಲ್ ಅದಕ್ಕೊಂದು ಪುಡಿ ಬೆರೆಸಿ ಗಂಜಿಯಂತೆ ಮಾಡಿದಳು. ಕತ್ತು ಹಿಂದಕ್ಕೆ ಬಾಗಿಸಕೂಡದಂತೆ. ಗಲ್ಲ ಎದೆಯ ಕಡೆ ತಗ್ಗಿಸಿ, ಲೋಟಕ್ಕೆ ತುಟಿ ಹಚ್ಚಿ, ಗುಟುಕು ಗುಟುಕಾಗಿ ಕುಡಿಯಬೇಕಂತೆ.

ಅಕ್ಕ ತುಟಿ ಬಿಗಿದಳು. ಲೋಟ ಬಂದ ಕಡೆಯಿಂದ ಮುಖ ತಿರುಗಿಸಿದಳು. ಮೂರು ಬುಧವಾರ ಇದೇ ಕತೆ. ಕಯಲ್ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು.

“ಏನಮ್ಮಾ ಅದು?”

“ಪಾಟ್ಟಿಕ್ಕು ಪುರಿಯಲೆ, ತಾತಾ.”

ಅಜ್ಜಿಗೆ ಅರ್ಥವಾಗುತ್ತಿಲ್ಲವಂತೆ! ನನಗೆ ರೇಗಿತು. “ಮೇಡಂ, ಅವಳಿಗೆ ಎಲ್ಲಾ ಅರ್ಥ ಆಗತ್ತೆ. ಕಚ್ಚಿ ಕುಡಿ ಅಂತೀರಲ್ಲ, ಅವಳು ಜನ್ಮದಲ್ಲಿ ಕಚ್ಚಿ ಕುಡಿದೋಳಲ್ಲ!”

ಮೇಡಂ ಹಣೆ ಚಚ್ಚಿಕೊಂಡರು. “ನಮ್ಮಜ್ಜೀನೂ ಹೀಗೇ ಇದ್ರು ಸಾರ್, ನನಗೇ ಹೊಳೀಲಿಲ್ವಲ್ಲ!” ಕಯಲ್ ತಾನು ಬರೆದದ್ದನ್ನು ಹೊಡೆದುಹಾಕಿದಳು. ಸರಿ, ಈಗ ಕುಡಿಸುವುದು ಹೇಗೆ?

ನಾನಿಲ್ಲವೇ! ಅಕ್ಕನ ಬೆಳ್ಳಿ ಲೋಟವನ್ನು ಅವಳ ಕಣ್ಣೆದುರೇ ನನ್ನ ತುಟಿಯ ಹತ್ತಿರ ತಂದೆ. “ನಿನಗೆ ಬೇಡ ತಾನೆ? ನಾನೇ ಕಚ್ಚಿ ಕುಡೀತೀನಿ.”

ಅವಳ ಎಡಗೈ ಹದ್ದಿನಂತೆ ಎರಗಿ ಲೋಟ ಕಿತ್ತುಕೊಂಡಿತು. ಈ ದರಿದ್ರದವನ ಎಂಜಲಾಗುವುದಕ್ಕಿಂತ ತನ್ನ ಎಂಜಲೇ ವಾಸಿ ಅನ್ನಿಸಿರಬೇಕು! ಗಲ್ಲ ತಗ್ಗಿಸಿ, ತುಟಿ ಹಚ್ಚಿ, ಒಂದು ಗುಟುಕು. ಕೆಮ್ಮಲಿಲ್ಲ. ಇನ್ನೊಂದು. ಹುಡುಗಿಯರು ಚಪ್ಪಾಳೆ ತಟ್ಟಿದರು. ಅಕ್ಕ ಲೋಟ ಕೆಳಗಿಟ್ಟು, ನನ್ನನ್ನು ದುರುಗುಟ್ಟಿಕೊಂಡು ನೋಡಿ, “ಕತ್ತೆ ವಯಸ್ಸಾಯ್ತು, ಇನ್ನೂ ಬುದ್ಧಿ ಬರಲಿಲ್ಲವೇನೋ!” ಎಂದಳು.

ಈ ಕೊನೆಯ ಮಾತೊಂದು ನಾನು ಕಟ್ಟಿದ್ದು. ಮಿಕ್ಕದ್ದೆಲ್ಲ ನಿಜ. ಅವಳು ಬಾಯಿ ತೆರೆದಳು, ತುಟಿ ಅಲುಗಿತು; ಸದ್ದು ಬರಲಿಲ್ಲ. ಈಗ ನಾನು ಬುಧವಾರಕ್ಕೆ ಕಾಯುವುದಿಲ್ಲ. ದಿನಾ ಬೆಳಿಗ್ಗೆ ಹೋಗಿ ಲೋಟಕ್ಕೆ ಕೈ ಹಾಕುತ್ತೇನೆ. ಅಕ್ಕ ಕಿತ್ತುಕೊಳ್ಳುತ್ತಾಳೆ, ಕುಡಿಯುತ್ತಾಳೆ, ನನ್ನ ಕಡೆ ನೋಡುತ್ತಾಳೆ. ನಾನು ಫ್ಯಾನ್ ಆರಿಸಿ, ಹತ್ತಿರ ಕೂತಿರುತ್ತೇನೆ.