ನಾಲ್ಕನೇ ಮೂಲೆ ಖಾಲಿ ಇದ್ದ ಲಗ್ನದ ಕಾರ್ಡು

ಲಗ್ನದ ಕಾರ್ಡು ಅಚ್ಚು ಹಾಕುವವರು ನಗೆ ಹುಡುಕಿಕೊಂಡು ಹೋಗಬೇಕಾಗಿಲ್ಲ, ಗಿರಾಕಿಗಳೇ ಅಂಗಡಿಗೆ ತಂದು ಕೊಡುತ್ತಾರೆ. ಶಹಾಪುರದಲ್ಲಿ ನನ್ನದು ಅಂಥದೊಂದು ಅಂಗಡಿ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತ ಓದು ಕಲಿತವಳು ನಾನು. ಅಕ್ಷರಗಳನ್ನು ನಾನು ಸರಿಯಾಗಿ ಕಲಿತದ್ದೇ ಉಲ್ಟಾ. ಕ್ಯೂಆರ್ ಕೋಡ್ ಬಂದಾಗ ಅದನ್ನೂ ಬಿಡಲಿಲ್ಲ.

ಬಣ್ಣ

ದೋರನಹಳ್ಳಿಯ ಮಾಸ್ತರರೊಬ್ಬರು ಮಗಳ ಲಗ್ನದ ಕಾರ್ಡಿಗೆ ಬಂದರು. ಸುರಪುರದಲ್ಲಿರುವ ಅವರ ತಾಯಿ ಬಿದ್ದು ಸೊಂಟ ಮುರಿದುಕೊಂಡಿದ್ದರು, ಲಗ್ನಕ್ಕೆ ಬರುವಂತಿರಲಿಲ್ಲ.

"ಒಬ್ಬಾಕಿನೇ ಮೊಮ್ಮಗಳ್ರಿ. ನಮ್ಮವ್ವ ಅಳಾಕತ್ತಾಳ."

"ಕಾರ್ಡಿನ್ಯಾಗ ಒಂದು ಚೌಕ ಹಾಕ್ತೀನ್ರಿ. ಫೋನ್ ಹಿಡಿದ್ರ ಸಾಕು, ಇವತ್ತು ನಿಶ್ಚಯದ ಫೋಟೊ, ತಾಳಿ ಕಟ್ಟಿದ ದಿನ ಲಗ್ನದ ಫೋಟೊ, ಎಲ್ಲಾ ಅದರಾಗೇ ಕಾಣ್ತಾವ. ಕಾಣಲಿಲ್ಲಂದ್ರ ಅಂಗಡಿ ಬೋರ್ಡ್ ಇಳಿಸ್ತೀನಿ!"

ಮಾಸ್ತರರು ಒಪ್ಪಿದರು. ಆದರೆ ಶುಭಕಾರ್ಯಕ್ಕೆ ಕಪ್ಪು ಬೇಡ, ಅರಿಶಿಣದ ಬಣ್ಣ ಇರಲಿ ಅಂದರು. ಹಳದಿ ಚೌಕ ಹಾಕಿ ತೋರಿಸಿದೆ. ಫೋನಿಗೆ ಅದು ಕಾಣಲೇ ಇಲ್ಲ. ಮಾಸ್ತರರು ಕಾರ್ಡು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ನನಗ ಚಂದಾಗಿ ಕಾಣ್ತದಲ್ರಿ. ನಿಮ್ಮ ಫೋನಿಗಿ ಚಸ್ಮಾ ಹಾಕ್ಸ್ರಿ."

ಕಡೆಗೆ ಕಡುಗೆಂಪಿಗೆ ರಾಜಿಯಾಯಿತು.

ಮೂಲೆ

ವಾರದೊಳಗೆ ಮಾಸ್ತರರ ಅಕ್ಕ ಅಂಗಡಿಗೆ ಬಂದರು. ಕಾರ್ಡು ನನ್ನ ಮುಂದೆ ಬಡಿದು, "ಏನೂ ತೆರೀವಲ್ದು, ಬೋರ್ಡ್ ಇಳಸ್ರಿ!" ಅಂದರು.

ಹಂಚುವ ಮುಂಚೆ ಕಾರ್ಡಿನ ನಾಲ್ಕು ಮೂಲೆಗೆ ಅರಿಶಿಣ ಕುಂಕುಮ ಹಚ್ಚುವುದು ನಮ್ಮಲ್ಲಿ ಪದ್ಧತಿ. ಕೋಡಿನಲ್ಲಿ ಮೂರು ಮೂಲೆಗೆ ಮಾತ್ರ ದೊಡ್ಡ ಚೌಕಗಳಿರುತ್ತವೆ. ನಾಲ್ಕನೆಯದು ಖಾಲಿ ಕಂಡದ್ದೇ ತಡ, ಅವರ ಮನೆಯ ಹೆಣ್ಣುಮಕ್ಕಳೆಲ್ಲ ಸಾಲಾಗಿ ಕೂತು ಅಲ್ಲೊಂದು ಕುಂಕುಮದ ಚೌಕ ಬರೆದಿದ್ದರು. ಉಳಿದ ಮೂರಕ್ಕೆ ಅರಿಶಿಣ ಮೆತ್ತಿದ್ದರು.

"ಯಾಕ ತುಂಬಿದ್ರಿ ಅಕ್ಕಾರ?"

"ಶುಭಕಾರ್ಯದಾಗ ಮೂಲಿ ಖಾಲಿ ಬಿಡಬಾರ್ದಂತ ನಮ್ಮವ್ವ ಹೇಳ್ಯಾಳ. ನೀವು ಮರ್ತಿದ್ರಿ, ನಾವು ತುಂಬೀವಿ."

ಹಂಚದೆ ಉಳಿದ ಕಾರ್ಡುಗಳ ಮೇಲೆ ಹೊಸ ಕೋಡಿನ ಚೀಟಿ ಅಂಟಿಸಿ ಕೊಟ್ಟೆ. ಅಕ್ಕ ಒಂದನ್ನು ತಿರುಗಿಸಿ ಮುರುಗಿಸಿ ನೋಡಿ ಹಣೆ ಚಚ್ಚಿಕೊಂಡರು.

"ಅಯ್ಯ, ಈ ಸಲಾನೂ ನಾಲ್ಕನೇದ್ದು ಮರ್ತೀರಲ್ಲ!"

ಬೀಗರು

ಶಿರವಾಳದಿಂದ ಆ ಮನೆಯ ದೂರದ ಬೀಗರೊಬ್ಬರು ಸಿಟ್ಟಿನಲ್ಲಿ ಬಂದರು. ಅವರಿಗೆ ಹೋಗಿದ್ದು ಹೊಸ ಚೀಟಿಯ ಕಾರ್ಡು, ಕೋಡ್ ತೆರೆದಿತ್ತಂತೆ. ನಿಶ್ಚಯದ ಅಷ್ಟೂ ಫೋಟೊದಲ್ಲಿ ಅವರು ಒಂದರಲ್ಲೂ ಇಲ್ಲವಂತೆ.

"ನನ್ನನ್ನ ಹಾಕ್ರಿ ಅದರಾಗ."

"ನಿಶ್ಚಯಕ್ಕ ಹೋಗಿದ್ರೇನ್ರಿ?"

"ಹೋಗಿದ್ರ ನಿಮ್ಮ ಹತ್ರ ಯಾಕ ಬರ್ತಿದ್ದೆ?"

ಅಜ್ಜಿ

ಲಗ್ನದ ದಿನ ತಾಳಿ ಕಟ್ಟಿದ ಮೇಲೆ ಮಾಸ್ತರರ ಫೋನ್ ಬಂತು. ಸುರಪುರಕ್ಕೆ ಹೋಗಿದ್ದು ಕುಂಕುಮ ಮೆತ್ತಿದ ಕಾರ್ಡು. ಅದು ತೆರೆಯುತ್ತಿಲ್ಲ, ಅಜ್ಜಿ ಊಟ ಬಿಟ್ಟು ಕೂತಿದ್ದಾರೆ. ಫೋಟೊಗಳನ್ನು ಸೀದಾ ಅಲ್ಲಿನ ಫೋನಿಗೇ ಕಳಿಸಬಹುದಿತ್ತು. ಆದರೆ ನಾನು ಮಾತು ಕೊಟ್ಟಿದ್ದು ಚೌಕದ ಮೇಲೆ. ಅಂಗಡಿಗೆ ಬೀಗ ಹಾಕಿ, ಹೊಸ ಕಾರ್ಡು ಹಿಡಿದು ಸುರಪುರದ ಬಸ್ಸು ಹತ್ತಿದೆ.

ಅಜ್ಜಿಯ ಮಂಚದ ಪಕ್ಕ ಕೂತು, ಅವರನ್ನು ನೋಡಿಕೊಳ್ಳಲು ಉಳಿದಿದ್ದ ಕಿರಿಸೊಸೆಯ ಫೋನನ್ನು ಚೌಕಕ್ಕೆ ಹಿಡಿದೆ. ತೆರೆಯಿತು. ಅರಿಶಿಣದ ಸೀರೆಯಲ್ಲಿ ಮೊಮ್ಮಗಳು, ಪಕ್ಕದಲ್ಲಿ ಮದುಮಗ. ಅಜ್ಜಿ ಸೊಸೆಗೆ ಅಕ್ಷತೆ ತರಲು ಹೇಳಿ, ಫೋನಿನ ಮೇಲೆ ಹಾಕಿ, ಎರಡೂ ಕೈಯಿಂದ ಅದಕ್ಕೆ ಲಟಿಕೆ ಮುರಿದರು. ಅಕ್ಕಿಕಾಳೊಂದು ಚಾರ್ಜರ್ ತೂತಿಗೆ ಹೋಗಿ ಕೂತಿತು, ಅದನ್ನು ಪಿನ್ನಿನಿಂದ ತೆಗೆಯುವ ನೆಪದಲ್ಲಿ ನಾನೂ ಕಣ್ಣು ಒರೆಸಿಕೊಂಡೆ.

ನನ್ನ ಬೋರ್ಡು ಉಳಿಯಿತು ಅಂದುಕೊಂಡೆ. ಮರುದಿನ ಮಧ್ಯಾಹ್ನ ಸುರಪುರದಿಂದ ಅಜ್ಜಿಯೇ ಫೋನ್ ಮಾಡಿದರು.

"ಯವ್ವಾ, ಓಣಿ ಮಂದಿ ಎಲ್ಲಾರೂ ನನ್ನ ಮೊಮ್ಮಗಳನ್ನ ನೋಡ್ಲಿ ಅಂತ ನಿನ್ನ ಚೌಕಾನ ಅಂಗಳದಾಗ ರಂಗೋಲಿ ಹಾಕ್ಸೀನಿ. ಎಲ್ಲಾರೂ ಫೋನ್ ಹಿಡ್ಕೊಂಡು ನಿಂತಾರ. ತೆರೀವಲ್ದು!"

"ಕಾರ್ಡ್ ನೋಡಿ ಹಾಕಿದ್ರೇನ್ ಅಜ್ಜಿ, ಚೌಕದಾಗಿನ ಮನಿ ಎಲ್ಲಾ ಸರಿಯಾಗಿ?"

"ಒಂದೂ ಬಿಟ್ಟಿಲ್ಲವ್ವ. ಸೊಸಿ ಮುಂಜಾನಿಂದ ಬಗ್ಗಿ ಹಾಕ್ಯಾಳ. ನಾಲ್ಕನೇ ಮೂಲಿ ನೀ ಮರ್ತಿದ್ದಿ ನೋಡು, ಅದನ್ನ ಮಾತ್ರ ನಾನೇ ಮಂಚ ಬಾಗಲಿಗಿ ಎಳಸ್ಕೊಂಡು ಹೇಳಿ ತುಂಬ್ಸೀನಿ!"